ಕಾರಿನ ಎ.ಸಿ. ಬಿಸಿಗಾಳಿ ಬೀಸುತ್ತಿದೆಯೇ?

ಬೇಸಿಗೆ ಬಂತೆಂದರೆ ಕರಾವಳಿಯ ಮನೆಗಳಲ್ಲಿ ಫ್ಯಾನು, ಫ್ರಿಜ್ಜುಗಳ ಜೊತೆಗೆ ಇನ್ನೊಂದು ವಸ್ತುವಿನ ಬಗ್ಗೆಯೂ ದೂರು ಶುರುವಾಗುತ್ತದೆ. ಅದು ಕಾರಿನ ಎ.ಸಿ. ಮದುವೆ ಮನೆಗೆ ಹೊರಟಾಗ, ಮಕ್ಕಳನ್ನು ಶಾಲೆಯಿಂದ ಕರೆತರುವಾಗ, ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಗುಂಡಿ ಒತ್ತಿದರೆ ತಂಪಿನ ಬದಲು ಒಲೆಯ ಮುಂದೆ ಕುಳಿತಂತೆ ಬಿಸಿಗಾಳಿ ಮುಖಕ್ಕೆ ಬಡಿಯುತ್ತದೆ.

ಓದುಗ ಸಹೋದರಿಯೊಬ್ಬರು ಈ ಬಗ್ಗೆ ಬರೆದಿದ್ದಾರೆ. ಅವರ ಪತಿ ಗಲ್ಫ್‌ನಲ್ಲಿದ್ದಾರೆ. ಮನೆಯಲ್ಲಿ ಇಬ್ಬರು ಮಕ್ಕಳು ಮತ್ತು ಸಕ್ಕರೆ ಕಾಯಿಲೆಯ ಅತ್ತೆ. ಕಾರು ಓಡಿಸುವುದು ಅವರೇ. ಮೂರು ಬೇಸಿಗೆಯಿಂದ ಪ್ರತಿ ವರ್ಷವೂ ಎ.ಸಿ.ಗೆ ಗ್ಯಾಸ್ ತುಂಬಿಸುತ್ತಿದ್ದಾರೆ. ಎರಡು ತಿಂಗಳು ತಂಪು, ನಂತರ ಮತ್ತೆ ಬಿಸಿ. ಏಕೆ ಹೀಗೆ ಎಂದು ಕೇಳಿದರೆ ಗ್ಯಾರೇಜಿನವರು, "ಅಕ್ಕಾ, ಅದೆಲ್ಲ ನಿಮಗೆ ಗೊತ್ತಾಗುವುದಿಲ್ಲ. ಅಣ್ಣ ಊರಿಗೆ ಬಂದಾಗ ಬರಲಿಕ್ಕೆ ಹೇಳಿ" ಎನ್ನುತ್ತಾರಂತೆ.

ಗೊತ್ತಾಗದಂತಹ ವಿಷಯ ಇದರಲ್ಲಿ ಏನೂ ಇಲ್ಲ. ಕುಕ್ಕರ್ ಏಕೆ ಸೀಟಿ ಹೊಡೆಯುತ್ತಿಲ್ಲ ಎಂದು ಕಂಡುಹಿಡಿಯಬಲ್ಲ ಗೃಹಿಣಿಗೆ ಎ.ಸಿ. ಏಕೆ ತಂಪು ಕೊಡುತ್ತಿಲ್ಲ ಎಂಬುದನ್ನೂ ಬಹುಮಟ್ಟಿಗೆ ಕಂಡುಹಿಡಿಯಲು ಸಾಧ್ಯ. ದುರಸ್ತಿ ಮಾಡುವುದು ಮೆಕ್ಯಾನಿಕ್‌ನ ಕೆಲಸ. ಆದರೆ ತೊಂದರೆ ಎಲ್ಲಿದೆ ಎಂಬ ಅಂದಾಜು ನಮಗಿದ್ದರೆ ಹಣ ಉಳಿಯುತ್ತದೆ, ಅಲೆದಾಟ ತಪ್ಪುತ್ತದೆ, ನಮ್ಮ ಮಾತಿಗೆ ಬೆಲೆಯೂ ಬರುತ್ತದೆ.

ಗ್ಯಾಸ್ ಉರಿದು ಖಾಲಿಯಾಗುವುದಿಲ್ಲ

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ಅಡುಗೆ ಮನೆಯ ಸಿಲಿಂಡರಿನ ಗ್ಯಾಸ್ ಉರಿಯುತ್ತದೆ, ಆದ್ದರಿಂದ ಮುಗಿಯುತ್ತದೆ. ಕಾರಿನ ಎ.ಸಿ.ಯ ಗ್ಯಾಸ್ ಹಾಗಲ್ಲ. ಅದು ನಮ್ಮ ಮೈಯ ರಕ್ತದಂತೆ ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. ಅದೇ ಗ್ಯಾಸ್ ಮತ್ತೆ ಮತ್ತೆ ಕೆಲಸ ಮಾಡುತ್ತದೆ. ರಬ್ಬರ್ ಪೈಪುಗಳ ಮತ್ತು ಸೀಲ್‌ಗಳ ಮೂಲಕ ವರ್ಷಗಳ ಅವಧಿಯಲ್ಲಿ ಅಲ್ಪಸ್ವಲ್ಪ ಹೊರಹೋಗುವುದು ಸಹಜ. ಆದ್ದರಿಂದ ಏಳೆಂಟು ವರ್ಷ ಹಳೆಯ ಕಾರಿಗೆ ಒಮ್ಮೆ ಗ್ಯಾಸ್ ತುಂಬಿಸಬೇಕಾಗಿ ಬಂದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಪ್ರತಿ ವರ್ಷ ತುಂಬಿಸಬೇಕಾದರೆ ಎಲ್ಲೋ ತೂತಿದೆ ಎಂದೇ ಅರ್ಥ. ತೂತು ಮುಚ್ಚದೆ ಗ್ಯಾಸ್ ತುಂಬುವುದೆಂದರೆ ಒಡೆದ ಕೊಡಕ್ಕೆ ನೀರು ಹೊಯ್ದಂತೆ.

ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. ಬಿಸಿಗಾಳಿ ಬರುವುದಕ್ಕೆ ಗ್ಯಾಸ್ ಕಡಿಮೆಯಾಗಿರುವುದೊಂದೇ ಕಾರಣವಲ್ಲ. ಗ್ಯಾಸ್ ಸರಿಯಾಗಿದ್ದೂ ಬಿಸಿಗಾಳಿ ಬರಬಹುದು. ಅಂತಹ ಕಾರಿಗೆ ಗ್ಯಾಸ್ ತುಂಬಿಸಿದರೆ ದುಡ್ಡು ಹೋಗುವುದಲ್ಲದೆ ಗ್ಯಾಸ್ ಹೆಚ್ಚಾಗಿ ಹೊಸ ತೊಂದರೆಯೂ ಹುಟ್ಟುತ್ತದೆ.

ತಂಪು ಬರುವುದು ಹೇಗೆ?

ಇಂಜೆಕ್ಷನ್ ಕೊಡುವ ಮೊದಲು ನರ್ಸ್ ತೋಳಿಗೆ ಸ್ಪಿರಿಟ್ ಹಚ್ಚಿದಾಗ ಆ ಜಾಗ ತಣ್ಣಗಾಗುತ್ತದಲ್ಲವೇ? ಸ್ಪಿರಿಟ್ ಆವಿಯಾಗುವಾಗ ಚರ್ಮದ ಶಾಖವನ್ನು ಎಳೆದುಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗುವುದೂ ಹೀಗೆಯೇ. ಎ.ಸಿ.ಯ ಗುಟ್ಟೂ ಅಷ್ಟೇ. ನಮ್ಮಲ್ಲಿನ ಬಹಳಷ್ಟು ಕಾರುಗಳಲ್ಲಿರುವುದು ಆರ್-134ಎ ಎಂಬ ಗ್ಯಾಸ್. ತೆರೆದ ಗಾಳಿಯಲ್ಲಿ ಅದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿದು ಆವಿಯಾಗಿಬಿಡುತ್ತದೆ.

ಆವಿಯಾದ ಗ್ಯಾಸನ್ನು ಮತ್ತೆ ದ್ರವ ಮಾಡಬೇಕು. ಅದಕ್ಕೆ ಒತ್ತಡ ಬೇಕು. ಕುಕ್ಕರಿನೊಳಗೆ ಒತ್ತಡ ಹೆಚ್ಚಾದಾಗ ನೀರು 100 ಡಿಗ್ರಿಗೆ ಕುದಿಯದೆ ಸುಮಾರು 120 ಡಿಗ್ರಿಯವರೆಗೂ ನೀರಾಗಿಯೇ ಇರುತ್ತದೆ. ಅದೇ ರೀತಿ ಎ.ಸಿ.ಯ ಗ್ಯಾಸನ್ನು ಒತ್ತಿದರೆ ಬಿಸಿಲಿನಲ್ಲೂ ಅದು ದ್ರವವಾಗುತ್ತದೆ. ಇಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಈ ಗ್ಯಾಸನ್ನು ಒತ್ತುತ್ತದೆ. ಕಾರಿನ ಮುಂಭಾಗದಲ್ಲಿ ರೇಡಿಯೇಟರಿನ ಎದುರಿಗೆ ಇರುವ ಕಂಡೆನ್ಸರ್ ಎಂಬ ಜಾಲರಿಯಲ್ಲಿ ಅದು ಶಾಖವನ್ನು ಹೊರಗೆ ಬಿಟ್ಟು ದ್ರವವಾಗುತ್ತದೆ. ಆಮೇಲೆ ಸಣ್ಣ ಕಂಡಿಯೊಂದರ ಮೂಲಕ ಹಾದು ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲ್‌ಗೆ ಬಂದು ಒಮ್ಮೆಲೇ ಆವಿಯಾಗಿ ಕಾಯಿಲನ್ನು ತಣ್ಣಗೆ ಮಾಡುತ್ತದೆ. ಬ್ಲೋವರ್ ಆ ಕಾಯಿಲಿನ ಮೂಲಕ ಗಾಳಿ ಬೀಸುತ್ತದೆ. ಗಾಳಿಯಲ್ಲಿನ ತೇವ ನೀರಾಗಿ ಕಾರಿನ ಕೆಳಗೆ ತೊಟ್ಟಿಕ್ಕುತ್ತದೆ. ಎ.ಸಿ. ಹಾಕಿದಾಗ ಕಾರಿನ ಅಡಿಯಲ್ಲಿ ನೀರು ಬಿದ್ದರೆ ಗಾಬರಿಯಾಗಬೇಕಿಲ್ಲ. ಅದು ಆರೋಗ್ಯದ ಲಕ್ಷಣ.

ಅದೇ ಡ್ಯಾಶ್‌ಬೋರ್ಡಿನೊಳಗೆ ಇನ್ನೊಂದು ಕಾಯಿಲ್ ಕೂಡ ಇರುತ್ತದೆ. ಅದು ಹೀಟರಿನದು. ಇಂಜಿನ್ನಿನಿಂದ ಬರುವ ಸುಮಾರು 90 ಡಿಗ್ರಿ ಬಿಸಿಯ ನೀರು ಅದರಲ್ಲಿ ಹರಿಯುತ್ತದೆ. ಈ ಎರಡು ಕಾಯಿಲ್‌ಗಳ ನಡುವೆ ಒಂದು ಸಣ್ಣ ಬಾಗಿಲು. ನೀವು ಗುಬುಟನ್ನು ನೀಲಿ ಬಣ್ಣದ ಕಡೆಗೆ ತಿರುಗಿಸಿದಾಗ ಆ ಬಾಗಿಲು ಹೀಟರಿನ ದಾರಿಯನ್ನು ಮುಚ್ಚುತ್ತದೆ, ಕೆಂಪಿನ ಕಡೆಗೆ ತಿರುಗಿಸಿದಾಗ ತೆರೆಯುತ್ತದೆ. ಈ ಪುಟ್ಟ ಬಾಗಿಲಿನ ವಿಷಯ ಮುಂದೆ ಮತ್ತೆ ಬರುತ್ತದೆ.

ಪರೀಕ್ಷೆಗೆ ಮೊದಲು ಎಚ್ಚರಿಕೆ

ಕಾರನ್ನು ಗಾಳಿ ಆಡುವ ಬಯಲಲ್ಲಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಮುಚ್ಚಿದ ಶೆಡ್‌ನಲ್ಲಿ ಇಂಜಿನ್ ಚಾಲೂ ಇಡಬಾರದು, ಹೊಗೆಯಲ್ಲಿನ ವಿಷಾನಿಲ ಪ್ರಾಣಕ್ಕೆ ಅಪಾಯ. ಹ್ಯಾಂಡ್‌ಬ್ರೇಕ್ ಎಳೆದು ಗೇರನ್ನು ನ್ಯೂಟ್ರಲ್‌ಗೆ ಹಾಕಿ. ಗೇರ್ ತಾನಾಗಿ ಬದಲಾಗುವ ಕಾರಾದರೆ ಪಾರ್ಕ್‌ನಲ್ಲಿಡಿ. ಬಾನೆಟ್ ತೆರೆದು ನೋಡುವಾಗ ದುಪಟ್ಟಾ, ಸೀರೆಯ ಸೆರಗು, ಬುರ್ಖಾದ ಅಗಲ ತೋಳು, ಬಿಚ್ಚಿದ ಕೂದಲು ಯಾವುದೂ ಬೆಲ್ಟಿನ ಹತ್ತಿರ ಸುಳಿಯದಂತೆ ಬಿಗಿಯಾಗಿ ಕಟ್ಟಿಕೊಳ್ಳಿ. ರೇಡಿಯೇಟರಿನ ಫ್ಯಾನ್ ಇಂಜಿನ್ ಆರಿಸಿದ ಮೇಲೂ ಇದ್ದಕ್ಕಿದ್ದಂತೆ ತಿರುಗಬಹುದು. ಆದ್ದರಿಂದ ಅದರ ಬಳಿ ಕೈ ಹಾಕಬೇಡಿ. ಮಕ್ಕಳನ್ನು ದೂರ ಇಡಿ.

ಎ.ಸಿ.ಯ ಪೈಪುಗಳ ಯಾವ ಮುಚ್ಚಳವನ್ನೂ, ಯಾವ ನಟ್ಟನ್ನೂ ಮನೆಯಲ್ಲಿ ಬಿಚ್ಚಬಾರದು. ಬಿಸಿಲಿನಲ್ಲಿ ಎ.ಸಿ. ಓಡುತ್ತಿರುವಾಗ ಅದರ ಒಂದು ಭಾಗದ ಒತ್ತಡ ಕಾರಿನ ಟಯರಿನ ಗಾಳಿಗಿಂತ ಐದಾರು ಪಟ್ಟು ಹೆಚ್ಚಿರುತ್ತದೆ. ಹೊರಗೆ ಚಿಮ್ಮಿದ ಗ್ಯಾಸ್ ಕಣ್ಣಿಗೆ, ಚರ್ಮಕ್ಕೆ ತಾಗಿದರೆ ಅತಿ ಶೀತದಿಂದ ಗಾಯವಾಗುತ್ತದೆ.

ಒಂದು: ಇಂಜಿನ್ನಿನ ಬಿಸಿ ನೋಡಿ

ದಾರಿಯಲ್ಲಿ ಹೋಗುತ್ತಿರುವಾಗ ತಂಪು ನಿಂತು ಬಿಸಿಗಾಳಿ ಬಂದರೆ ಮೊದಲು ನೋಡಬೇಕಾದದ್ದು ಎ.ಸಿ.ಯನ್ನಲ್ಲ, ಇಂಜಿನ್ನಿನ ಶಾಖ ತೋರಿಸುವ ಮುಳ್ಳನ್ನು. ಮುಳ್ಳಿಲ್ಲದ ಕಾರುಗಳಲ್ಲಿ ಕೆಂಪು ದೀಪವಿರುತ್ತದೆ. ಇಂಜಿನ್ ಅತಿಯಾಗಿ ಬಿಸಿಯಾದಾಗ ಅದನ್ನು ಉಳಿಸಲು ಹೆಚ್ಚಿನ ಕಾರುಗಳು ತಾವಾಗಿಯೇ ಕಂಪ್ರೆಸರನ್ನು ನಿಲ್ಲಿಸಿಬಿಡುತ್ತವೆ. ಆಗ ಬಿಸಿಗಾಳಿ ಎಂಬುದು ಒಂದು ಎಚ್ಚರಿಕೆ. ಎ.ಸಿ. ಆರಿಸಿ, ಕಾರನ್ನು ಬದಿಗೆ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ. ನಿಲ್ಲಿಸಲು ಜಾಗವಿಲ್ಲದ ಘಾಟಿಯಲ್ಲೋ ಸೇತುವೆಯ ಮೇಲೋ ಇದ್ದರೆ ಕಿಟಕಿ ತೆರೆದು ಹೀಟರನ್ನು ಪೂರ್ತಿ ಹಾಕಿ. ಅದು ಇಂಜಿನ್ನಿನ ಶಾಖವನ್ನು ಸ್ವಲ್ಪ ಎಳೆದುಕೊಂಡು ಸುರಕ್ಷಿತ ಜಾಗ ಸೇರುವವರೆಗೆ ನೆರವಾಗುತ್ತದೆ. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ತೆರೆಯಲೇಬಾರದು. ಸೀಟಿ ಹೊಡೆಯುವ ಕುಕ್ಕರಿನ ಮುಚ್ಚಳ ತೆಗೆದಷ್ಟೇ ಅಪಾಯ ಅದರಲ್ಲಿದೆ.

ಎರಡು: ಗುಂಡಿಗಳನ್ನು ನೋಡಿ

ಇದು ತೀರಾ ಚಿಕ್ಕ ವಿಷಯವೆನಿಸಬಹುದು. ಆದರೆ ಮಕ್ಕಳ ಕೈ ಎಲ್ಲಿಯವರೆಗೆ ಹೋಗುತ್ತದೆಂದು ತಾಯಂದಿರಿಗೆ ಹೇಳಬೇಕಿಲ್ಲ. ಗುಬುಟು ಪೂರ್ತಿ ನೀಲಿ ಕಡೆ ಇದೆಯೇ? ಎ.ಸಿ. ಗುಂಡಿಯ ದೀಪ ಹೊತ್ತಿದೆಯೇ? ಬ್ಲೋವರ್ ತಿರುಗುತ್ತಿದೆಯೇ? ಬ್ಲೋವರ್ ಸೊನ್ನೆಯಲ್ಲಿದ್ದರೆ ಎ.ಸಿ. ಶುರುವಾಗುವುದಿಲ್ಲ. ಹೊರಗಿನ ಗಾಳಿಯ ಬದಲು ಒಳಗಿನ ಗಾಳಿಯೇ ಸುತ್ತುವಂತೆ ಮಾಡುವ ಗುಂಡಿ ಒತ್ತಿದ್ದೀರಾ? ಡಿಗ್ರಿಯ ಅಂಕಿ ತೋರಿಸುವ ಸ್ವಯಂಚಾಲಿತ ಎ.ಸಿ.ಯಾದರೆ ಅಂಕಿಯನ್ನು ಅತಿ ಕೆಳಗಿನ ಮಟ್ಟಕ್ಕೆ ಇಳಿಸಿ ಐದು ನಿಮಿಷ ಕಾಯಿರಿ. ಕೆಲವು ಕಾರುಗಳಲ್ಲಿ ದೋಷವಿದ್ದಾಗ ಎ.ಸಿ.ಯ ದೀಪ ಮಿಟುಕುತ್ತದೆ. ಮಿಟುಕುವುದನ್ನು ಕಂಡರೆ ಮೆಕ್ಯಾನಿಕ್‌ಗೆ ತಪ್ಪದೆ ಹೇಳಿ.

ಮೂರು: ಗಾಳಿ ಕಡಿಮೆಯೋ, ಬಿಸಿಯೋ?

ಇವೆರಡೂ ಬೇರೆ ಬೇರೆ ಕಾಯಿಲೆಗಳು. ಗಾಳಿ ತಂಪಾಗಿಯೇ ಇದೆ, ಆದರೆ ಬಹಳ ಕಡಿಮೆ ಬರುತ್ತಿದೆ ಎಂದಾದರೆ ಕ್ಯಾಬಿನ್ ಫಿಲ್ಟರ್ ಧೂಳಿನಿಂದ ಕಟ್ಟಿರಬಹುದು. ಬಹಳಷ್ಟು ಕಾರುಗಳಲ್ಲಿ ಅದು ಎದುರಿನ ಕೈಪೆಟ್ಟಿಗೆಯ ಹಿಂದೆ ಇರುತ್ತದೆ. ತೆಗೆದು ನೋಡುವುದು ಸುಲಭ. ಕೆಲವು ಕಾರುಗಳಲ್ಲಿ ಈ ಫಿಲ್ಟರೇ ಇರುವುದಿಲ್ಲ. ಮೊದಲ ಅರ್ಧ ಗಂಟೆ ಚೆನ್ನಾಗಿ ತಂಪಾಗಿ, ಆಮೇಲೆ ಗಾಳಿ ಕುಗ್ಗುತ್ತಾ ಬಂದು, ಎ.ಸಿ. ಆರಿಸಿ ಹತ್ತು ನಿಮಿಷದ ನಂತರ ಹಾಕಿದಾಗ ಮತ್ತೆ ಸರಿಯಾದರೆ ಕೂಲಿಂಗ್ ಕಾಯಿಲ್ ಮೇಲೆ ಮಂಜು ಕಟ್ಟುತ್ತಿದೆ ಎಂದು ತಿಳಿಯಬೇಕು.

ಗಾಳಿ ಜೋರಾಗಿಯೇ ಬರುತ್ತಿದ್ದು ಬಿಸಿಯಾಗಿದ್ದರೆ ಮುಂದಿನ ಹೆಜ್ಜೆಗೆ ಹೋಗಿ.

ನಾಲ್ಕು: ಯಾವಾಗ ಬಿಸಿ?

ಕಾರು ಹೆದ್ದಾರಿಯಲ್ಲಿ ಓಡುವಾಗ ತಂಪು, ಸಿಗ್ನಲಿನಲ್ಲಿ ನಿಂತಾಗ ಬಿಸಿ. ಇದು ಬಹಳ ಉಪಯುಕ್ತವಾದ ಸುಳಿವು. ಓಡುವಾಗ ಎದುರುಗಾಳಿ ಕಂಡೆನ್ಸರಿನ ಶಾಖವನ್ನು ಒಯ್ಯುತ್ತದೆ. ನಿಂತಾಗ ಆ ಕೆಲಸವನ್ನು ಫ್ಯಾನ್ ಮಾಡಬೇಕು. ಫ್ಯಾನ್ ತಿರುಗದಿದ್ದರೆ ಅಥವಾ ನಿಧಾನವಾಗಿದ್ದರೆ ಶಾಖ ಅಲ್ಲೇ ಉಳಿಯುತ್ತದೆ. ಎ.ಸಿ. ಹಾಕಿ ಒಂದೆರಡು ನಿಮಿಷ ಕಾದು ಮುಂಭಾಗದ ಫ್ಯಾನ್ ತಿರುಗುವ ಸದ್ದನ್ನು ಆಲಿಸಿ. ಹಾಗೆಯೇ ಟಾರ್ಚ್ ಹಿಡಿದು ಮುಂಭಾಗದ ಜಾಲರಿಯ ಒಳಗೆ ನೋಡಿ. ಒಣಗಿದ ಎಲೆ, ಕೆಸರು, ಸತ್ತ ಹುಳುಗಳು ಕಂಡೆನ್ಸರಿಗೆ ಅಂಟಿಕೊಂಡಿದ್ದರೆ ಇಂಜಿನ್ ಪೂರ್ತಿ ತಣಿದ ಮೇಲೆ ಸಾಧಾರಣ ಪೈಪಿನ ನೀರಿನಿಂದ ಮೆಲ್ಲಗೆ ತೊಳೆಯಬಹುದು. ವಾಟರ್ ಸರ್ವಿಸ್‌ನ ಜೋರು ನೀರನ್ನು ಹತ್ತಿರದಿಂದ ಬಿಡಬಾರದು. ಕಂಡೆನ್ಸರಿನ ತೆಳು ಹಾಳೆಗಳು ಮಡಚಿಹೋಗುತ್ತವೆ.

ಐದು: 'ಟಕ್' ಎಂಬ ಸದ್ದು

ಇಂಜಿನ್ ಚಾಲೂ ಇರುವಾಗ ಎ.ಸಿ. ಗುಂಡಿ ಒತ್ತಿದರೆ ಬಾನೆಟ್ಟಿನ ಕಡೆಯಿಂದ 'ಟಕ್' ಎಂಬ ಸದ್ದು ಕೇಳಿಸಬೇಕು. ಇಂಜಿನ್ನಿನ ಸದ್ದು ಕೂಡ ಒಂದು ಕ್ಷಣ ಬದಲಾಗುತ್ತದೆ. ಕಂಪ್ರೆಸರಿನ ಕ್ಲಚ್ ಬೆಲ್ಟಿಗೆ ಕಚ್ಚಿಕೊಳ್ಳುವ ಸದ್ದು ಅದು. ಕೆಲವು ಹೊಸ ಕಾರುಗಳ ಕಂಪ್ರೆಸರಿನಲ್ಲಿ ಕ್ಲಚ್ ಇರುವುದಿಲ್ಲ, ಅವುಗಳಲ್ಲಿ ಈ ಸದ್ದು ಬಾರದು. ಉಳಿದವುಗಳಲ್ಲಿ ಸದ್ದೇ ಇಲ್ಲವೆಂದರೆ ಕಂಪ್ರೆಸರ್ ಶುರುವಾಗುತ್ತಿಲ್ಲ. ಕಾರಣ ಒಂದು ಸಣ್ಣ ಫ್ಯೂಸ್ ಇರಬಹುದು, ರಿಲೇ ಇರಬಹುದು, ಇಲಿ ಕಡಿದ ವಯರ್ ಇರಬಹುದು. ಗ್ಯಾಸ್ ತೀರಾ ಕಡಿಮೆಯಾದಾಗಲೂ ಕಂಪ್ರೆಸರ್ ಕೆಡದಿರಲೆಂದು ಒತ್ತಡದ ಸ್ವಿಚ್ ಅದನ್ನು ತಡೆಯುತ್ತದೆ. 'ಟಕ್' ಎಂದು ಕಚ್ಚಿಕೊಂಡು ಕೆಲವೇ ಸೆಕೆಂಡಿನಲ್ಲಿ ಬಿಟ್ಟು, ಮತ್ತೆ ಮತ್ತೆ ಹಾಗೆಯೇ ಆಗುತ್ತಿದ್ದರೆ ಗ್ಯಾಸ್ ಕಡಿಮೆಯಿರುವ ಸಾಧ್ಯತೆ ಹೆಚ್ಚು.

ಫ್ಯೂಸ್ ಎಲ್ಲಿದೆ ಎಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ಸುಟ್ಟ ಫ್ಯೂಸನ್ನು ಅದೇ ಅಂಕಿಯ ಫ್ಯೂಸ್‌ನಿಂದ ಮಾತ್ರ ಬದಲಿಸಬೇಕು. ಹೊಸದೂ ಸುಟ್ಟರೆ ಮತ್ತೆ ಪ್ರಯತ್ನಿಸದೆ ಗ್ಯಾರೇಜಿಗೆ ಒಯ್ಯಿರಿ. ದೊಡ್ಡ ಫ್ಯೂಸ್ ಅಥವಾ ತಂತಿ ಸಿಕ್ಕಿಸುವುದು ಬೆಂಕಿಗೆ ಆಹ್ವಾನ.

ಆರು: ಪೈಪು ತಣ್ಣಗಿದೆಯೇ?

ಎಲ್ಲಕ್ಕಿಂತ ಹೆಚ್ಚು ಹಣ ಉಳಿಸುವ ಪರೀಕ್ಷೆ ಇದು. ಎ.ಸಿ.ಯನ್ನು ಹತ್ತು ನಿಮಿಷ ಪೂರ್ತಿ ತಂಪಿನಲ್ಲಿ ಓಡಿಸಿ. ನಂತರ ಇಂಜಿನ್ ಆರಿಸಿ, ಬಾನೆಟ್ ತೆರೆಯಿರಿ. ಕಾರಿನ ಒಳಭಾಗದ ಕಡೆಗೆ ಹೋಗುವ ಎರಡು ಅಲ್ಯೂಮಿನಿಯಂ ಪೈಪುಗಳು ಕಾಣುತ್ತವೆ. ಒಂದು ದಪ್ಪ, ಒಂದು ಸಪೂರ. ಸಪೂರ ಪೈಪನ್ನು ಮುಟ್ಟಬೇಡಿ, ಅದು ಬಿಸಿಯಿರಬಹುದು. ದಪ್ಪ ಪೈಪಿಗೆ ಬೆರಳ ತುದಿಯನ್ನು ಸೋಕಿಸಿ ನೋಡಿ. ಅದು ತಣ್ಣಗಿದ್ದು ಹೊರಗೆ ನೀರಿನ ಹನಿಗಳಿದ್ದರೆ ಎ.ಸಿ. ತಂಪು ಉತ್ಪಾದಿಸುತ್ತಿದೆ. ಕಾರಿನ ಕೆಳಗೂ ನೀರು ತೊಟ್ಟಿಕ್ಕುತ್ತಿರುತ್ತದೆ.

ಪೈಪು ತಣ್ಣಗಿದ್ದೂ ಒಳಗೆ ಬಿಸಿಗಾಳಿ ಬರುತ್ತಿದ್ದರೆ ತೊಂದರೆ ಗ್ಯಾಸಿನದಲ್ಲ, ಹೀಟರಿನ ಆ ಪುಟ್ಟ ಬಾಗಿಲಿನದು. ಬಾಗಿಲು ಮುಚ್ಚದೆ ಉಳಿದು ತಂಪಾದ ಗಾಳಿ ಹೀಟರ್ ಕಾಯಿಲ್ ದಾಟಿ ಬಿಸಿಯಾಗಿ ಹೊರಬರುತ್ತಿದೆ. ಹಳೆಯ ಹಾಗೂ ಸಣ್ಣ ಕಾರುಗಳಲ್ಲಿ ಗುಬುಟಿನಿಂದ ಬಾಗಿಲಿಗೆ ಹೋಗುವ ಕೇಬಲ್ ಕಳಚಿರುತ್ತದೆ. ಸ್ವಯಂಚಾಲಿತ ಎ.ಸಿ.ಗಳಲ್ಲಿ ಆ ಬಾಗಿಲನ್ನು ತಿರುಗಿಸಲು ಒಂದು ಚಿಕ್ಕ ಮೋಟಾರ್ ಇರುತ್ತದೆ. ಅದರ ಪ್ಲಾಸ್ಟಿಕ್ ಹಲ್ಲುಗಳು ಮುರಿದರೆ ಕಾರು ಶುರುಮಾಡಿದಾಗ ಅಥವಾ ಅಂಕಿ ಬದಲಿಸಿದಾಗ ಡ್ಯಾಶ್‌ಬೋರ್ಡಿನ ಹಿಂದೆ 'ಟಿಕ್ ಟಿಕ್' ಸದ್ದು ಬರುತ್ತದೆ. ಎಡಬದಿಗೂ ಬಲಬದಿಗೂ ಬೇರೆ ಬೇರೆ ಅಂಕಿ ಇಡಬಹುದಾದ ಕಾರುಗಳಲ್ಲಿ ಒಂದು ಬದಿ ತಂಪು, ಇನ್ನೊಂದು ಬದಿ ಬಿಸಿಯಾಗಲು ಇದೂ ಒಂದು ಕಾರಣ. ಕೇಬಲನ್ನು ಮತ್ತೆ ಸಿಕ್ಕಿಸುವುದು ಸಣ್ಣ ಕೆಲಸ. ಇಂತಹ ಕಾರಿಗೆ ಗ್ಯಾಸ್ ತುಂಬಿಸಿದರೆ ಕವಡೆಯ ಪ್ರಯೋಜನವಿಲ್ಲ.

ದಪ್ಪ ಪೈಪು ತಣ್ಣಗಾಗಿಲ್ಲವೆಂದರೆ ದೋಷ ಗ್ಯಾಸ್ ಸುತ್ತುವ ದಾರಿಯಲ್ಲೇ ಇದೆ. ಪೈಪುಗಳ ಜೋಡಣೆಯ ಬಳಿ, ಕಂಡೆನ್ಸರಿನ ಮೇಲೆ ಎಣ್ಣೆಯ ಜಿಡ್ಡು ಮತ್ತು ಅದಕ್ಕೆ ಅಂಟಿದ ಧೂಳು ಕಂಡರೆ ಗುರುತಿಟ್ಟುಕೊಳ್ಳಿ. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಸುತ್ತುವುದರಿಂದ ಗ್ಯಾಸ್ ಸೋರುವ ಜಾಗದಲ್ಲಿ ಜಿಡ್ಡು ಉಳಿಯುತ್ತದೆ. ಕಡಲ ತೀರದ ಉಪ್ಪು ಗಾಳಿಯಲ್ಲಿ ಕಂಡೆನ್ಸರ್ ಬೇಗ ಸವೆಯುತ್ತದೆ. ಆದ್ದರಿಂದ ಕರಾವಳಿಯವರು ಅಲ್ಲಿಯೇ ಮೊದಲು ಹುಡುಕುವುದು ಒಳ್ಳೆಯದು.

ಗ್ಯಾರೇಜಿನಲ್ಲಿ ಏನು ಕೇಳಬೇಕು?

"ಎ.ಸಿ. ಸರಿ ಇಲ್ಲ" ಎಂದಷ್ಟೇ ಹೇಳಿದರೆ "ಗ್ಯಾಸ್ ಹಾಕೋಣ" ಎಂಬ ಉತ್ತರ ಬರುವುದು ಸುಲಭ. ಅದರ ಬದಲು, "ಗಾಳಿ ಜೋರಾಗಿ ಬರುತ್ತದೆ, ಆದರೆ ಬಿಸಿ. ಫ್ಯಾನ್ ತಿರುಗುತ್ತದೆ. ಕಂಪ್ರೆಸರ್ ಕಚ್ಚಿಕೊಂಡು ಕೂಡಲೇ ಬಿಡುತ್ತದೆ. ದಪ್ಪ ಪೈಪು ತಣ್ಣಗಾಗುತ್ತಿಲ್ಲ. ಹೋದ ವರ್ಷ ಮಾರ್ಚಿನಲ್ಲಿ ಗ್ಯಾಸ್ ತುಂಬಿಸಿದ್ದೆವು" ಎಂದು ಹೇಳಿ ನೋಡಿ. ಮಾತಿನ ಧಾಟಿಯೇ ಬದಲಾಗುತ್ತದೆ. ವಿದೇಶದಲ್ಲಿರುವ ಪತಿಗೆ ಫೋನಿನಲ್ಲಿ ತಿಳಿಸುವಾಗಲೂ ಈ ವಿವರಗಳೇ ನೆರವಾಗುತ್ತವೆ.

ನಂತರ ಈ ಪ್ರಶ್ನೆಗಳನ್ನು ವಿನಯದಿಂದಲೇ ಕೇಳಿ.

ಗೇಜ್ ಹಾಕಿ ಎರಡೂ ಕಡೆಯ ಒತ್ತಡ ತೋರಿಸುತ್ತೀರಾ? ಗೇಜಿನಲ್ಲಿ ಒಂದು ಕಡಿಮೆ ಒತ್ತಡದ ಮುಳ್ಳು, ಇನ್ನೊಂದು ಹೆಚ್ಚು ಒತ್ತಡದ್ದು. ಎ.ಸಿ. ಓಡುವಾಗ ಎರಡೂ ಇರಬೇಕಾದುದಕ್ಕಿಂತ ಕೆಳಗಿದ್ದರೆ ಗ್ಯಾಸ್ ಕಡಿಮೆಯಿರುವ ಲಕ್ಷಣ. ಎರಡೂ ಅತಿಯಾಗಿ ಮೇಲಿದ್ದರೆ ಗ್ಯಾಸ್ ಹೆಚ್ಚಾಗಿದೆ ಅಥವಾ ಫ್ಯಾನ್, ಕಂಡೆನ್ಸರ್‌ಗಳು ಶಾಖವನ್ನು ಹೊರಹಾಕುತ್ತಿಲ್ಲ. ಕಡಿಮೆ ಇರಬೇಕಾದದ್ದು ಹೆಚ್ಚಾಗಿ, ಹೆಚ್ಚಿರಬೇಕಾದದ್ದು ಕಡಿಮೆಯಾಗಿದ್ದರೆ ಕಂಪ್ರೆಸರ್ ಸೋತಿರುವ ಸಂಶಯ ಪಡಬೇಕು.

ಎಲ್ಲಿ ಸೋರುತ್ತಿದೆ? ಗ್ಯಾಸ್ ಕಡಿಮೆಯಿದೆ ಎಂದಾದರೆ ಮುಂದಿನ ಪ್ರಶ್ನೆ ಇದೊಂದೇ. ಸೋರಿಕೆ ಹುಡುಕಲು ನೈಟ್ರೋಜನ್ ತುಂಬಿ ಸೋಪಿನ ನೊರೆ ಹಚ್ಚಿ ನೋಡುವ ವಿಧಾನವಿದೆ. ಹೊಳೆಯುವ ಬಣ್ಣ ಹಾಕಿ ವಿಶೇಷ ದೀಪದಲ್ಲಿ ನೋಡುವ ವಿಧಾನವೂ ಇದೆ. ಸೋರಿಕೆ ಕಂಡುಹಿಡಿಯದೆ ಗ್ಯಾಸ್ ತುಂಬುವುದು ಬೇಡ ಎಂದು ಸ್ಪಷ್ಟವಾಗಿ ಹೇಳಿ.

ವ್ಯಾಕ್ಯೂಮ್ ಎಷ್ಟು ಹೊತ್ತು ಮಾಡುತ್ತೀರಿ? ಪೈಪುಗಳನ್ನು ಬಿಚ್ಚಿ ಜೋಡಿಸಿದ ಮೇಲೆ ಒಳಗಿನ ಗಾಳಿ ಮತ್ತು ತೇವವನ್ನು ಪಂಪಿನಿಂದ ಎಳೆಯಬೇಕು. ಇದಕ್ಕೆ ಸಾಮಾನ್ಯವಾಗಿ ಅರ್ಧ ಗಂಟೆಯಾದರೂ ಬೇಕು. ಐದು ನಿಮಿಷದಲ್ಲಿ ಮುಗಿಸುವ ಕೆಲಸವಲ್ಲ. ಪಂಪ್ ನಿಲ್ಲಿಸಿದ ಮೇಲೂ ಮುಳ್ಳು ಕದಲದೆ ನಿಂತರೆ ದೊಡ್ಡ ಸೋರಿಕೆ ಇಲ್ಲವೆಂದು ಭಾವಿಸಬಹುದು.

ಯಾವ ಗ್ಯಾಸ್, ಎಷ್ಟು ಗ್ರಾಂ? ಬಾನೆಟ್ಟಿನ ಕೆಳಗೆ ಅಂಟಿಸಿದ ಚೀಟಿಯಲ್ಲಿ ಗ್ಯಾಸಿನ ಹೆಸರು ಮತ್ತು ತೂಕ ಬರೆದಿರುತ್ತದೆ. ಸಣ್ಣ ಕಾರುಗಳಿಗೆ ಇದು ಸಾಮಾನ್ಯವಾಗಿ ಅರ್ಧ ಕಿಲೋಗಿಂತ ಕಡಿಮೆ. ಅಂದಾಜಿನಿಂದಲ್ಲ, ತೂಗಿಯೇ ತುಂಬಬೇಕು. ಹೊಸ ಕಾರುಗಳಲ್ಲಿ ಕೆಲವಕ್ಕೆ ಆರ್-1234ವೈಎಫ್ ಎಂಬ ಬೇರೆ ಗ್ಯಾಸ್ ಇರುತ್ತದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಬಾರದು. ಅಗ್ಗವೆಂದು ಅಡುಗೆ ಅನಿಲದಂತಹ ಉರಿಯುವ ಗ್ಯಾಸ್ ಬೆರೆಸಲು ಯಾರಾದರೂ ಮುಂದಾದರೆ ಒಪ್ಪಲೇಬೇಡಿ. ಅದರ ಕಾಯಿಲ್ ಇರುವುದು ನಿಮ್ಮ ಮಕ್ಕಳು ಕುಳಿತ ಜಾಗದ ಎದುರಿನಲ್ಲಿಯೇ.

ಕೊನೆಗೆ ಬಿಲ್ಲಿನಲ್ಲಿ ಸೋರಿಕೆ ಇದ್ದ ಜಾಗ, ಹಾಕಿದ ಗ್ಯಾಸಿನ ಗ್ರಾಂ ಲೆಕ್ಕ ಬರೆಸಿಕೊಳ್ಳಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಒಳ್ಳೆಯ ಮೆಕ್ಯಾನಿಕ್ ಇಂತಹ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಅಂತಹವರು ನಮ್ಮ ಊರುಗಳಲ್ಲಿ ಬಹಳ ಮಂದಿ ಇದ್ದಾರೆ. ಸಿಕ್ಕರೆ ಬಿಡಬೇಡಿ.

ಸೋರುವ ಗ್ಯಾಸಿನ ಹಾನಿ ನಮ್ಮ ಪರ್ಸಿಗಷ್ಟೇ ಅಲ್ಲ. ಆರ್-134ಎ ಗ್ಯಾಸ್ ಭೂಮಿಯ ಬಿಸಿಯೇರಿಸುವ ವಿಷಯದಲ್ಲಿ ಕಾರ್ಬನ್ ಡೈ ಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಪ್ರಬಲ. ಇಂತಹ ಗ್ಯಾಸ್‌ಗಳನ್ನು ಹಂತ ಹಂತವಾಗಿ ಕಡಿಮೆ ಮಾಡಲು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಒಪ್ಪಂದವಾಯಿತು. 2021ರಲ್ಲಿ ಭಾರತವೂ ಅದನ್ನು ಅನುಮೋದಿಸಿತು. ಪ್ರತಿ ಬೇಸಿಗೆಯಲ್ಲೂ ತುಂಬಿಸಿ ಗಾಳಿಗೆ ಬಿಡುವ ಗ್ಯಾಸ್ ಬರುವ ಬೇಸಿಗೆಗಳನ್ನೇ ಇನ್ನಷ್ಟು ಬಿಸಿ ಮಾಡುತ್ತದೆ.

ರಜೆಯಲ್ಲಿ ಮಾತ್ರ ಹೊರಬರುವ ಕಾರು

ಮನೆಯ ಯಜಮಾನರು ಗಲ್ಫ್‌ನಿಂದ ಬಂದಾಗ ಮಾತ್ರ ಹೊರಬರುವ ಕಾರುಗಳು ನಮ್ಮಲ್ಲಿ ಅನೇಕ. ಉಳಿದ ಹತ್ತು ಹನ್ನೊಂದು ತಿಂಗಳು ಅವು ಶೆಡ್‌ನಲ್ಲಿ ಮಲಗಿರುತ್ತವೆ. ಎ.ಸಿ.ಗೆ ಇದು ಒಳ್ಳೆಯದಲ್ಲ. ಕಂಪ್ರೆಸರಿನ ಸೀಲ್ ಒದ್ದೆಯಾಗಿರುವುದು ಗ್ಯಾಸಿನ ಜೊತೆ ಸುತ್ತುವ ಎಣ್ಣೆಯಿಂದ. ಎ.ಸಿ. ಓಡದಿದ್ದರೆ ಸೀಲ್ ಒಣಗುತ್ತದೆ, ಗ್ಯಾಸ್ ಮೆಲ್ಲಮೆಲ್ಲನೆ ಸೋರುತ್ತದೆ. ಹೊರಗೆ ನಿಂತ ಕಾರಿನ ಬಾನೆಟ್ಟಿನೊಳಗೆ ಇಲಿಗಳು ಗೂಡು ಕಟ್ಟಿ ವಯರುಗಳನ್ನೂ ಕಡಿಯುತ್ತವೆ.

ವಾರಕ್ಕೊಮ್ಮೆ ಕಾರನ್ನು ಹೊರತೆಗೆದು ಹತ್ತು ಹದಿನೈದು ನಿಮಿಷ ಓಡಿಸಿ, ಎ.ಸಿ.ಯನ್ನೂ ಹಾಕಿ. ಮಳೆಗಾಲದಲ್ಲೂ ಇದನ್ನು ತಪ್ಪಿಸಬೇಡಿ. ಗಾಜಿನ ಮೇಲೆ ಕಟ್ಟುವ ಮಂಜು ಹೋಗಲೂ ಎ.ಸಿ. ಬೇಕಾಗುತ್ತದೆ. ನಿಮಗೆ ಓಡಿಸಲು ಬರದಿದ್ದರೆ ಮನೆಯಲ್ಲಿ ಬರುವವರಿಂದ ಮಾಡಿಸಿ. ಕಲಿಯುವ ಮನಸ್ಸಿದ್ದರೆ ಇನ್ನೂ ಒಳ್ಳೆಯದು.

ಮನೆಯವರ ಆರೋಗ್ಯ ಮೊದಲು

ಎ.ಸಿ. ಕೆಟ್ಟ ಕಾರಿನಲ್ಲಿ ಮಧ್ಯಾಹ್ನದ ದೂರ ಪ್ರಯಾಣವನ್ನು ಹಿರಿಯರ ಮತ್ತು ಪುಟ್ಟ ಮಕ್ಕಳ ಜೊತೆ ಮಾಡದಿರುವುದು ಲೇಸು. ಹೋಗಲೇಬೇಕಾದರೆ ಬೆಳಗ್ಗೆ ಬೇಗ ಹೊರಡಿ, ಕಿಟಕಿಗಳನ್ನು ತೆರೆದಿಡಿ, ನೀರು ಜೊತೆಗಿರಲಿ. ಮೈ ಸುಡುವಷ್ಟು ಬಿಸಿಯಾಗಿ ಮಾತು ತೊದಲಿದರೆ, ಮಂಪರು ಕವಿದರೆ ಅದು ಬರೀ ಸುಸ್ತಲ್ಲ, ಶಾಖಾಘಾತ. ನೆರಳಿಗೆ ಕರೆದೊಯ್ದು ಒದ್ದೆ ಬಟ್ಟೆಯಿಂದ ಮೈ ಒರೆಸಿ, ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಎ.ಸಿ. ಸರಿಯಿದ್ದರೂ ನಿಲ್ಲಿಸಿದ ಕಾರಿನೊಳಗೆ ಮಗುವನ್ನು ಒಂಟಿಯಾಗಿ ಬಿಟ್ಟು ಹೋಗಬಾರದು. ಅಮೆರಿಕದ ತಜ್ಞರು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಶಾಖ ಒಂದು ಗಂಟೆಯಲ್ಲಿ ಸುಮಾರು 22 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ. ಅದರಲ್ಲಿ ಶೇಕಡಾ 80ರಷ್ಟು ಏರಿಕೆ ಮೊದಲ ಅರ್ಧ ಗಂಟೆಯಲ್ಲೇ ಆಗುತ್ತದೆ. ಕಿಟಕಿಯನ್ನು ಸ್ವಲ್ಪ ತೆರೆದಿಟ್ಟರೂ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. "ಎರಡೇ ನಿಮಿಷ, ಅಂಗಡಿಗೆ ಹೋಗಿ ಬಂದೆ" ಎಂಬ ಮಾತು ಎಷ್ಟು ಅಪಾಯಕಾರಿ ಎಂದು ಇದರಿಂದ ತಿಳಿಯಬಹುದು.

ಬಿಸಿಲಿನಲ್ಲಿ ನಿಂತ ಕಾರಿಗೆ ಹತ್ತಿದ ಕೂಡಲೇ ಗಾಜು ಮುಚ್ಚಿ ಎ.ಸಿ. ಹಾಕಬೇಡಿ. ಒಂದು ನಿಮಿಷ ಬಾಗಿಲುಗಳನ್ನು ತೆರೆದಿಟ್ಟು ಒಳಗಿನ ಬಿಸಿ ಹೋಗಲು ಬಿಡಿ. ಸ್ವಲ್ಪ ದೂರ ಕಿಟಕಿ ತೆರೆದೇ ಓಡಿಸಿ, ಆಮೇಲೆ ಗಾಜು ಏರಿಸಿ. ತಂಪು ಬೇಗ ಬರುತ್ತದೆ, ಕಂಪ್ರೆಸರಿಗೂ ಹೊರೆ ಕಡಿಮೆ.

ಒಂದು ಸಣ್ಣ ಪುಸ್ತಕವನ್ನು ಕಾರಿನ ಕೈಪೆಟ್ಟಿಗೆಯಲ್ಲಿಡಿ. ಯಾವ ತಾರೀಕಿಗೆ ಗ್ಯಾಸ್ ತುಂಬಿಸಿದಿರಿ, ಎಷ್ಟು ಗ್ರಾಂ, ಸೋರಿಕೆ ಎಲ್ಲಿ ಸಿಕ್ಕಿತು, ಫಿಲ್ಟರ್ ಯಾವಾಗ ಬದಲಿಸಿದಿರಿ ಎಂದು ಬರೆಯುತ್ತಾ ಹೋಗಿ. ಮುಂದಿನ ಬೇಸಿಗೆಯಲ್ಲಿ ಯಾರಾದರೂ "ಗ್ಯಾಸ್ ಖಾಲಿ" ಎಂದರೆ ಆ ಪುಟವನ್ನು ತೆರೆದು, "ಹಾಗಾದರೆ ಅದು ಎಲ್ಲಿಗೆ ಹೋಯಿತು?" ಎಂದು ಕೇಳಿ.